ಸಾವಿರನೆಯ ತುಂಡೂ ಮೊದಲನೆಯದರಂತೆ

ಗಚ್ಚಿಬೌಲಿಗೆ ಅಂಟಿಕೊಂಡಂತಿರುವ ಮಣಿಕೊಂಡವನ್ನು ಹೈದರಾಬಾದಿನವರು ಸಾಫ್ಟ್‌ವೇರ್ ಮಂದಿಯ ಬಡಾವಣೆ ಎಂದೇ ಬಲ್ಲರು. ಆದರೆ ಅಲ್ಲಿನ ಅಪಾರ್ಟ್‌ಮೆಂಟುಗಳಿಂದ ನಸುಕಿನಲ್ಲೇ ಸೇಫ್ಟಿ ಶೂ ತೊಟ್ಟು, ಔಟರ್ ರಿಂಗ್ ರೋಡ್ ಹಿಡಿದು ಪಟಾನ್‌ಚೆರುವಿಗೋ ಆದಿಬಟ್ಲಕ್ಕೋ ಹೊರಡುವವರೂ ಇದ್ದಾರೆ. ಅವರು ಕಾರ್ಖಾನೆಗಳ ಮ್ಯಾನುಫ್ಯಾಕ್ಚರಿಂಗ್ ಎಂಜಿನಿಯರುಗಳು. ಬೀದರ್, ಕಲಬುರಗಿ, ರಾಯಚೂರಿನ ಹುಡುಗ ಹುಡುಗಿಯರಿಗೆ ಹೈದರಾಬಾದಿನ ದಾರಿ ಹೊಸದಲ್ಲ. 1956ರವರೆಗೆ ಆ ಜಿಲ್ಲೆಗಳಿಗೆ ಹೈದರಾಬಾದೇ ರಾಜಧಾನಿ. ಇಂದಿಗೂ ಬೆಂಗಳೂರಿಗಿಂತ ಅದೇ ಹತ್ತಿರ.

ಒಂದು ಭಾಗ ಹೇಗಿರಬೇಕು ಎಂಬುದು ಡಿಸೈನ್ ವಿಭಾಗದಿಂದ ಬರುವ ಡ್ರಾಯಿಂಗಿನಲ್ಲಿರುತ್ತದೆ. ಅದನ್ನು ಯಾವ ಮೆಷೀನಿಗೆ ಹಾಕಬೇಕು, ಯಾವ ಫಿಕ್ಸ್ಚರಿನಲ್ಲಿ ಹಿಡಿಸಬೇಕು, ಮೊದಲು ಯಾವ ಮುಖ ಕತ್ತರಿಸಬೇಕು, ಎಷ್ಟು ನಿಮಿಷ ಕೊಡಬೇಕು, ಎಲ್ಲಿ ಅಳೆಯಬೇಕು ಎಂಬುದೆಲ್ಲ ಇವರ ಹೊಣೆ. ಒಂದೇ ಒಂದು ತುಂಡನ್ನಾದರೆ ನುರಿತ ಟರ್ನರ್ ತನ್ನ ಕೈಗುಣದಿಂದಲೇ ಚೊಕ್ಕವಾಗಿ ತೆಗೆದುಕೊಟ್ಟಾನು. ಮೂರು ಶಿಫ್ಟುಗಳಲ್ಲಿ, ಬೇರೆ ಬೇರೆ ಕೈಗಳಲ್ಲಿ, ಸಾವಿರನೆಯ ತುಂಡೂ ಮೊದಲನೆಯದರಂತೆ ಬರುವ ಹಾಗೆ ಮಾಡುವುದೇ ಈ ವಿದ್ಯೆ.

ಬಿಸಿ ಕೂಡ ಇದಕ್ಕೆ ಅಡ್ಡ ಬರುತ್ತದೆ. 100 ಮಿಲಿಮೀಟರ್ ಉದ್ದದ ಅಲ್ಯುಮಿನಿಯಂ ತುಂಡು 10 ಡಿಗ್ರಿ ಬಿಸಿಯೇರಿದರೆ ಸುಮಾರು 23 ಮೈಕ್ರಾನ್ ಬೆಳೆಯುತ್ತದೆ. ಡ್ರಾಯಿಂಗ್ ಕೊಟ್ಟ ಅವಕಾಶ 20 ಮೈಕ್ರಾನ್ ಮಾತ್ರವಾಗಿದ್ದರೆ, ಕತ್ತರಿಸಿದ ಬಿಸಿಯಲ್ಲೇ ಅಳೆದ ಒಳ್ಳೆಯ ತುಂಡು ರಿಜೆಕ್ಷನ್ ಪೆಟ್ಟಿಗೆಗೆ ಬೀಳಬಹುದು, ಕೆಟ್ಟದ್ದು ಪಾಸಾಗಬಹುದು. ಅಳತೆಗೆ ಜಗತ್ತೆಲ್ಲ ಒಪ್ಪಿದ ಉಷ್ಣತೆ 20 ಡಿಗ್ರಿ. ಅಳತೆಕೋಣೆಯ ಏಸಿ ಜನರ ಸುಖಕ್ಕಲ್ಲ, ತುಂಡಿಗಾಗಿ. ಇಂಥದ್ದನ್ನು ಪರೀಕ್ಷೆಗೆ ಓದಿದವರಿಗೂ ಅದು ಮನದಟ್ಟಾಗುವುದು ಮೆಷೀನಿನ ಎದುರು ನಿಂತಾಗಲೇ. ಕತ್ತರಿಸುವ ಸದ್ದು ಬದಲಾಯಿತೆಂದರೆ ಇನ್ಸರ್ಟ್ (ಕತ್ತರಿಸುವ ಮೊನೆ) ಸವೆದಿದೆ ಎಂದು ಆಪರೇಟರ್ ಕಂಪ್ಯೂಟರಿಗಿಂತ ಮೊದಲೇ ಹೇಳುತ್ತಾನೆ. ಅವನ ಮಾತಿಗೆ ಕಿವಿಗೊಡದ ಎಂಜಿನಿಯರ್ ಬೆಳೆಯುವುದಿಲ್ಲ ಎಂಬುದು ನನ್ನ ಗಟ್ಟಿ ನಂಬಿಕೆ.

ಈ ವೃತ್ತಿಗೆ ಹೈದರಾಬಾದಿನಲ್ಲಿ ಹಳೆಯ ಬೇರಿದೆ. 1942ರಲ್ಲಿ ಆಲ್ವಿನ್, 1943ರಲ್ಲಿ ಪ್ರಾಗಾ ಟೂಲ್ಸ್ ಕಾರ್ಖಾನೆಗಳು ಹುಟ್ಟಿದವು. 1960ರ ದಶಕದಲ್ಲಿ ರಾಮಚಂದ್ರಾಪುರಂನಲ್ಲಿ ಜೆಕೊಸ್ಲೊವಾಕಿಯಾದ ನೆರವಿನಿಂದ ಬಿಎಚ್‌ಇಎಲ್‌ನ ಟರ್ಬೈನ್ ಕಾರ್ಖಾನೆ ಎದ್ದಿತು. ಆದಿಬಟ್ಲದ ಟಾಟಾ ಬೋಯಿಂಗ್ ಘಟಕ 2018ರಿಂದ ಅಪಾಚೆ ಹೆಲಿಕಾಪ್ಟರಿನ ಒಡಲನ್ನು ಕಟ್ಟಿ ಕಳಿಸುತ್ತಿದೆ. ಇವೆಲ್ಲಕ್ಕಿಂತ ನನಗೆ ಮುಖ್ಯವೆನಿಸುವುದು ಬಾಲಾನಗರದ ಸಿಐಟಿಡಿ, ಅಂದರೆ ಸೆಂಟ್ರಲ್ ಇನ್‌ಸ್ಟಿಟ್ಯೂಟ್ ಆಫ್ ಟೂಲ್ ಡಿಸೈನ್. 1968ರಲ್ಲಿ ವಿಶ್ವಸಂಸ್ಥೆಯ ನೆರವಿನೊಂದಿಗೆ ಆರಂಭವಾದ ಈ ಕೇಂದ್ರ ಸರ್ಕಾರಿ ಸಂಸ್ಥೆಯಲ್ಲಿ ಹತ್ತನೆಯ ತರಗತಿ ಮುಗಿಸಿದವರೂ ಟೂಲ್, ಡೈ, ಮೋಲ್ಡ್ ತಯಾರಿಕೆಯ ಡಿಪ್ಲೊಮಾಗೆ ಸೇರಬಹುದು. ನಮ್ಮ ಕರ್ನಾಟಕದಲ್ಲಿ ಇದೇ ಕೆಲಸವನ್ನು 1972ರಿಂದ ಡೆನ್ಮಾರ್ಕಿನ ಸಹಕಾರದಲ್ಲಿ ಬೆಳೆದ ಜಿಟಿಟಿಸಿ, ಅಂದರೆ ಗವರ್ನ್‌ಮೆಂಟ್ ಟೂಲ್ ರೂಮ್ ಅಂಡ್ ಟ್ರೈನಿಂಗ್ ಸೆಂಟರ್ ಮಾಡುತ್ತಿದೆ.

ಪದವಿ ಪಡೆದು ಬಂದವರು ಸಾಮಾನ್ಯವಾಗಿ ಒಂದು ವರ್ಷ ಟ್ರೈನಿ. ಬಳಿಕ ಪ್ರೊಸೆಸ್ ಅಥವಾ ಪ್ರೊಡಕ್ಷನ್ ವಿಭಾಗ. ಪಳಗಿದ ಮೇಲೆ ಹೊಸ ಉತ್ಪನ್ನವೊಂದನ್ನು ಲೈನಿಗೆ ಇಳಿಸುವ ಜವಾಬ್ದಾರಿ. ಅಲ್ಲಿಂದ ದಾರಿ ಒಡೆಯುತ್ತದೆ: ಕೆಲವರು ಜನರನ್ನು ನಡೆಸುತ್ತ ಪ್ಲಾಂಟ್ ಹೆಡ್ ಆಗುತ್ತಾರೆ, ಕೆಲವರು ಟೂಲ್ ಡಿಸೈನಿನಲ್ಲೋ ಅಳತೆಶಾಸ್ತ್ರದಲ್ಲೋ ಆಳಕ್ಕೆ ಇಳಿಯುತ್ತಾರೆ. ನಡುವೆ ಬಹಳ ಮಂದಿ ಸಾಫ್ಟ್‌ವೇರಿಗೆ ಜಾರುತ್ತಾರೆ. ಅವರನ್ನು ದೂರಲಾರೆ. ಶುರುವಿನ ಸಂಬಳ ಕಡಿಮೆ, ರಾತ್ರಿ ಪಾಳಿ ಮೈಗೆ ಭಾರ. ಮಣಿಕೊಂಡದಲ್ಲಿ ಮನೆ ಮಾಡಿದವರಿಗಂತೂ ಪಕ್ಕದ ಫ್ಲ್ಯಾಟಿನವರ ಸಂಬಳದ ಸುದ್ದಿ ಕಿವಿಗೆ ಬೀಳುತ್ತಲೇ ಇರುತ್ತದೆ. ಕಲಿಸುವ ಕಾಲದಲ್ಲೇ ಕೈ ಬಿಗಿಹಿಡಿಯುವ ಕಾರ್ಖಾನೆಗಳು ಈ ನಷ್ಟಕ್ಕೆ ಉತ್ತರ ಕೊಡಬೇಕು.

ಮೊದಲ ಕೆಲಸ ಹುಡುಕುತ್ತಿರುವವರು ಸಂಬಳದ ಜೊತೆಗೆ ಇನ್ನೊಂದನ್ನೂ ಕೇಳಿ: ಮೊದಲ ವರ್ಷ ನನ್ನನ್ನು ಎಲ್ಲಿ ನಿಲ್ಲಿಸುತ್ತೀರಿ? ಎಕ್ಸೆಲ್ ಶೀಟ್ ತುಂಬುವ ಮೇಜಿನ ಬಳಿ ಎಂದರೆ ಇನ್ನೊಮ್ಮೆ ಯೋಚಿಸಿ. ಟೂಲು, ಡೈಗಳನ್ನು ತಯಾರಿಸುವ ಸ್ವಂತ ಟೂಲ್ ರೂಮ್ ಇರುವ ಕಾರ್ಖಾನೆ ಸಿಕ್ಕರೆ, ನಾಲ್ಕು ಕಾಸು ಕಡಿಮೆಯಾದರೂ ಸೇರಿಕೊಳ್ಳಿ.