ಬಲೂನು ಬೆಳಿಗ್ಗೆಯೇ ಯಾಕೆ ಹಾರುತ್ತೆ?

ಟರ್ಕಿ ದೇಶದಲ್ಲಿ ಕಪ್ಪಡೋಕಿಯ ಎಂಬ ಸೀಮೆ ಇದೆ. ಅಲ್ಲಿ ಜ್ವಾಲಾಮುಖಿಯ ಬೂದಿಯಿಂದಾದ ಮೆತ್ತನೆ ಕಲ್ಲು ಮಳೆಗಾಳಿಗೆ ಸವೆದು ಗೋಪುರಗಳ ಹಾಗೆ ನಿಂತಿದೆ. ಅಲ್ಲಿಯ ಗೊರೆಮೆ ಊರಿನಲ್ಲಿ ಗೈಡುಗಳು ಪ್ರವಾಸಿಗರನ್ನು ಕತ್ತಲಿರುವಾಗಲೇ ಗುಡ್ಡ ಹತ್ತಿಸುತ್ತಾರೆ. ಹವೆ ಚೆನ್ನಾಗಿದ್ದರೆ ಸೂರ್ಯ ಹುಟ್ಟುವ ಹೊತ್ತಿಗೆ 100ಕ್ಕೂ ಹೆಚ್ಚು ದೊಡ್ಡ ಬಲೂನುಗಳು ಜನರನ್ನು ಹೊತ್ತು ಮೇಲೇಳುತ್ತವೆ.

ಅಷ್ಟು ಬೇಗ ಯಾಕೆ? ಮಧ್ಯಾಹ್ನ ಹಾರಿಸಬಾರದಾ?

ಒಲೆಯ ಹೊಗೆ ಮೇಲಕ್ಕೆ ಹೋಗೋದನ್ನು ನಾವೆಲ್ಲಾ ನೋಡಿದ್ದೇವೆ. ಬಿಸಿಗಾಳಿ ತಣ್ಣನೆ ಗಾಳಿಗಿಂತ ಹಗುರ. ಗ್ಯಾಸ್ ಉರಿಸಿ ಬಲೂನಿನೊಳಗಿನ ಗಾಳಿಯನ್ನು ಕಾಯಿಸುತ್ತಾರೆ. ಬೆಳಿಗ್ಗೆ ಹೊರಗಿನ ಗಾಳಿ ತಣ್ಣಗಿರುವುದರಿಂದ ಕಡಿಮೆ ಗ್ಯಾಸಿನಲ್ಲೇ ಬಲೂನು ಏಳುತ್ತೆ. ಇದು ಒಂದನೇ ಕಾರಣ.

ಎರಡನೆಯದೇ ಮುಖ್ಯ. ಬಲೂನಿಗೆ ಸ್ಟೇರಿಂಗೂ ಇಲ್ಲ, ಬ್ರೇಕೂ ಇಲ್ಲ. ಪೈಲಟ್ ಅದನ್ನು ಏರಿಸಬಹುದು, ಇಳಿಸಬಹುದು, ಅಷ್ಟೇ. ಒಂದೊಂದು ಎತ್ತರದಲ್ಲಿ ಗಾಳಿ ಒಂದೊಂದು ಕಡೆ ಬೀಸುತ್ತೆ. ಬೇಕಾದ ಗಾಳಿ ಸಿಗುವ ಎತ್ತರಕ್ಕೆ ಹೋಗೋದೇ ಪೈಲಟ್‌ನ ಜಾಣತನ. ಬಿಸಿಲೇರಿ ನೆಲ ಕಾದರೆ ಗಾಳಿ ಅಲ್ಲಲ್ಲಿ ಜೋರಾಗಿ ಮೇಲೇಳುತ್ತೆ. ಆಗ ಬಲೂನು ಹಿಡಿತಕ್ಕೆ ಸಿಗಲ್ಲ. ಇಳಿಯುವಾಗ ಜನರಿರುವ ಬುಟ್ಟಿ ಉರುಳಬಹುದು. ಅದಕ್ಕೇ ಗಾಳಿ ಜೋರಿದ್ದ ದಿನ ಸರ್ಕಾರದವರು ಹಾರಾಟವನ್ನೇ ನಿಲ್ಲಿಸುತ್ತಾರೆ. ಎಷ್ಟೇ ದೂರದಿಂದ ಬಂದಿರಲಿ, ಬರೀ ಗುಡ್ಡ ನೋಡಿ ವಾಪಸ್ ಹೋಗಬೇಕು. ಬೇಜಾರಾದರೂ ಜೀವ ದೊಡ್ಡದು.

ಹಿಂದಿನವರೂ ಹೀಗೇ ಜಾಗ್ರತೆ ಮಾಡಿದ್ದರು. 1783ರಲ್ಲಿ ಫ್ರಾನ್ಸಿನ ಮಾಂಟ್‌ಗಾಲ್ಫಿಯರ್ ಅಣ್ಣತಮ್ಮಂದಿರ ಬಲೂನಿನಲ್ಲಿ ಮೊದಲು ಹೋದದ್ದು ಒಂದು ಕುರಿ, ಒಂದು ಬಾತುಕೋಳಿ, ಒಂದು ಹುಂಜ! ಮೂರೂ ಬದುಕಿ ಬಂದವು. ಆಮೇಲೆಯೇ, ಅದೇ ವರ್ಷ, ಮನುಷ್ಯರು ಹತ್ತಿದರು.