ಎರಡು ವರ್ಷದ ಲ್ಯಾಪ್‌ಟಾಪ್: ಬದಲಿಸಬೇಕೆ, ಉಳಿಸಿಕೊಳ್ಳಬೇಕೆ?

ಮಾರ್ಚ್ ತಿಂಗಳು ಸಮೀಪಿಸಿದಂತೆ ಅಂಗಡಿ, ಕಾರ್ಖಾನೆಗಳ ಕಚೇರಿಗಳಲ್ಲಿ ಒಂದು ಪ್ರಶ್ನೆ ಏಳುವುದು ಸಾಮಾನ್ಯ. ಎರಡು ವರ್ಷಗಳ ಹಿಂದೆ ಕೊಂಡ ಲ್ಯಾಪ್‌ಟಾಪ್ ಇನ್ನೂ ಕೆಲಸ ಮಾಡುತ್ತಿದೆ. ಆದರೆ ಅದೇ ಮಾದರಿಯ ಹೊಸ ಆವೃತ್ತಿ ಮಾರುಕಟ್ಟೆಗೆ ಬಂದಿದೆ. ಸವಕಳಿ ದೊರೆಯುತ್ತದೆ, ಜಿ.ಎಸ್.ಟಿ. ಜಮೆಯಾಗುತ್ತದೆ, ಹಳೆಯದಕ್ಕೆ ವಿನಿಮಯ ಬೆಲೆಯೂ ಉಂಟು ಎಂದು ಮಾರಾಟಗಾರರು ಹೇಳುತ್ತಾರೆ. ಈ ಮೂರು ಮಾತುಗಳೂ ನಿಜವೇ. ಆದರೆ ಮೂರಕ್ಕೂ ಷರತ್ತುಗಳಿವೆ. ಹೊಸ ಯಂತ್ರ ಹಳೆಯದಕ್ಕಿಂತ ವೇಗವಾಗಿದೆಯೇ ಎಂಬುದು ಇಲ್ಲಿ ಮುಖ್ಯ ಪ್ರಶ್ನೆಯಲ್ಲ. ಆ ವೇಗವು ದಿನಕ್ಕೆ ಎಷ್ಟು ನಿಮಿಷಗಳನ್ನು ಉಳಿಸುತ್ತದೆ, ಆ ನಿಮಿಷಗಳ ಬೆಲೆ ಎಷ್ಟು ಎಂಬುದೇ ನಿಜವಾದ ಪ್ರಶ್ನೆ.

ವಿಳಂಬದ ಮೂಲ

ಮೊದಲು ವಿಳಂಬ ಎಲ್ಲಿದೆ ಎಂಬುದನ್ನು ಪತ್ತೆ ಹಚ್ಚಬೇಕು. ತೆರಿಗೆ ವಿವರಣ ಪತ್ರ ಸಲ್ಲಿಸುವ ಕೊನೆಯ ದಿನ ಜಾಲತಾಣ ತೆರೆಯಲು ತಡವಾದರೆ ಅದಕ್ಕೆ ಲ್ಯಾಪ್‌ಟಾಪ್ ಹೊಣೆಯಲ್ಲ. ಹೊಸದನ್ನು ಕೊಂಡರೂ ಕಾಯುವುದು ತಪ್ಪುವುದಿಲ್ಲ. ಲೆಕ್ಕಪತ್ರದ ದತ್ತಾಂಶ ಮತ್ತೊಂದು ಗಣಕಯಂತ್ರದಲ್ಲಿದ್ದು, ವೈಫೈ ಮೂಲಕ ಬರುತ್ತಿದ್ದರೆ ನೂರಾರು ರೂಪಾಯಿಗಳ ತಂತಿಯೊಂದು ಪರಿಹಾರವಾಗಬಹುದು.

ವಿಂಡೋಸ್‌ನಲ್ಲಿರುವ ಟಾಸ್ಕ್ ಮ್ಯಾನೇಜರ್ ಈ ಪರೀಕ್ಷೆಗೆ ಸಾಕು. ಕೆಲಸದ ಒತ್ತಡ ಹೆಚ್ಚಿರುವ ವೇಳೆಯಲ್ಲಿ ಅದನ್ನು ತೆರೆದು ಮೆಮೊರಿ, ಡಿಸ್ಕ್ ಮತ್ತು ಪ್ರೊಸೆಸರ್ ಬಳಕೆಯ ಶೇಕಡಾವಾರು ಅಂಕಿಗಳನ್ನು ಗಮನಿಸಬೇಕು. ಮೆಮೊರಿ ಸದಾ ಭರ್ತಿಯಾಗಿದ್ದರೆ ರ‍್ಯಾಮ್ ಹೆಚ್ಚಿಸುವುದು ಮದ್ದು. ಯಂತ್ರದಲ್ಲಿ ಹಳೆಯ ತಿರುಗುವ ಹಾರ್ಡ್ ಡಿಸ್ಕ್ ಇದ್ದು ಅದು ಸದಾ ನೂರಕ್ಕೆ ನೂರು ತೋರಿಸಿದರೆ ಎಸ್.ಎಸ್.ಡಿ. ಅಳವಡಿಸಬಹುದು. ಪ್ರೊಸೆಸರ್ ಒಂದೇ ದಣಿಯುತ್ತಿದ್ದರೆ ಮಾತ್ರ ಹೊಸ ಯಂತ್ರದ ವಿಚಾರಕ್ಕೆ ಅರ್ಥವಿದೆ. ಆದರೆ ಅನೇಕ ತೆಳು ಲ್ಯಾಪ್‌ಟಾಪ್‌ಗಳಲ್ಲಿ ರ‍್ಯಾಮ್ ಅನ್ನು ಮುಖ್ಯ ಫಲಕಕ್ಕೇ ಬೆಸುಗೆ ಹಾಕಿರುತ್ತಾರೆ, ಅದನ್ನು ಹೆಚ್ಚಿಸಲಾಗದು. ಕೊಳ್ಳುವ ದಿನವೇ ಇದನ್ನು ಕೇಳಿ ತಿಳಿಯುವುದು ಜಾಣತನ.

ಹೊಸ ಅಂಕಿ, ಹಳೆಯ ವಿನ್ಯಾಸ

ಮಾದರಿಯ ಸಂಖ್ಯೆ ದೊಡ್ಡದಾದ ಮಾತ್ರಕ್ಕೆ ಯಂತ್ರ ಉತ್ತಮವಾಗಿರಬೇಕೆಂದಿಲ್ಲ. ಎ.ಎಂ.ಡಿ. ಸಂಸ್ಥೆ 2022ರಲ್ಲಿ ಪ್ರಕಟಿಸಿದ ಹೆಸರಿಡುವ ಕ್ರಮದಲ್ಲಿ ಮೊದಲ ಅಂಕಿ ಬಿಡುಗಡೆಯ ವರ್ಷವನ್ನೂ, ಮೂರನೆಯ ಅಂಕಿ ಒಳ ವಿನ್ಯಾಸದ ಪೀಳಿಗೆಯನ್ನೂ ಸೂಚಿಸುತ್ತಿತ್ತು. ಅದರಂತೆ ‘ರೈಜನ್ 5 7520ಯು’ ಎಂಬುದರಲ್ಲಿದ್ದುದು 2019ರಲ್ಲಿ ಮೊದಲು ಬಂದ ‘ಝೆನ್ 2’ ವಿನ್ಯಾಸ, ನಾಲ್ಕು ಕೋರ್‌ಗಳು. ಅದಕ್ಕೂ ಹಿಂದೆ, 2021ರಲ್ಲಿ ಬಂದ ‘ರೈಜನ್ 5 5600ಯು’ ಪ್ರೊಸೆಸರಿನಲ್ಲಿದ್ದುದು ನಂತರದ ‘ಝೆನ್ 3’ ವಿನ್ಯಾಸ, ಆರು ಕೋರ್‌ಗಳು. ಸಂಖ್ಯೆಯನ್ನಷ್ಟೇ ನೋಡಿ ಐದು ಸಾವಿರದಿಂದ ಏಳು ಸಾವಿರಕ್ಕೆ ಏರಿದವರು ವಾಸ್ತವವಾಗಿ ಒಂದು ಮೆಟ್ಟಿಲು ಇಳಿದಿರುತ್ತಿದ್ದರು. ಆದುದರಿಂದ ಪೆಟ್ಟಿಗೆಯ ಮೇಲಿನ ಹೆಸರಿಗೆ ಬದಲಾಗಿ ಒಳಗಿನ ಪ್ರೊಸೆಸರ್, ರ‍್ಯಾಮ್ ಮತ್ತು ಎಸ್.ಎಸ್.ಡಿ.ಗಳನ್ನು ಸಾಲುಸಾಲಾಗಿ ಹೋಲಿಸಬೇಕು.

ತೆರಿಗೆಯ ಲೆಕ್ಕ

ಆದಾಯ ತೆರಿಗೆಯಲ್ಲಿ ಕಂಪ್ಯೂಟರುಗಳ ಸವಕಳಿ ದರವನ್ನು 2017-18ನೇ ಸಾಲಿನಿಂದ ಶೇ. 60ರಿಂದ ಶೇ. 40ಕ್ಕೆ ಇಳಿಸಲಾಯಿತು. ಕೊಂಡ ವರ್ಷದಲ್ಲಿ 180 ದಿನಗಳಿಗಿಂತ ಕಡಿಮೆ ಬಳಕೆಯಾದರೆ ಅದರ ಅರ್ಧ, ಅಂದರೆ ಶೇ. 20 ಮಾತ್ರ. ಮಾರ್ಚ್ ತಿಂಗಳ ಅವಸರದ ಖರೀದಿಗೆ ದೊರೆಯುವುದು ಇಷ್ಟೇ. ಅಂದಾಜು ಆದಾಯ ಯೋಜನೆಯಡಿ ತೆರಿಗೆ ಕಟ್ಟುವ ಸಣ್ಣ ವರ್ತಕರಿಗೆ ಸವಕಳಿ ಪ್ರತ್ಯೇಕವಾಗಿ ದೊರೆಯುವುದೇ ಇಲ್ಲ. ಒಬ್ಬ ಮಾರಾಟಗಾರರಿಗೆ ಒಂದೇ ದಿನ ರೂ. 10,000ಕ್ಕೂ ಮೀರಿ ನಗದು ಕೊಟ್ಟರೆ ಆ ಮೊತ್ತವು ಆಸ್ತಿಯ ಬೆಲೆಗೆ ಸೇರುವುದಿಲ್ಲವೆಂಬುದನ್ನೂ ಮರೆಯಬಾರದು.

ಲ್ಯಾಪ್‌ಟಾಪ್ ಮೇಲಿನ ಜಿ.ಎಸ್.ಟಿ. ಶೇ. 18. ಸಾಮಾನ್ಯ ನೋಂದಾಯಿತರಿಗೆ ಹೂಡುವಳಿ ತೆರಿಗೆ ಜಮೆ ಉಂಟು; ರಾಜಿ ತೆರಿಗೆ ಪದ್ಧತಿಯವರಿಗೆ ಇಲ್ಲ. ಜಮೆ ಪಡೆದ ಯಂತ್ರವನ್ನು ಮಾರಿದಾಗ, ಬಳಕೆಯ ಅವಧಿಗೆ ತಕ್ಕ ಭಾಗವನ್ನು ಕಳೆದು ಉಳಿಯುವ ಜಮೆ ಅಥವಾ ಮಾರಾಟ ಬೆಲೆಯ ಮೇಲಿನ ತೆರಿಗೆ, ಈ ಎರಡರಲ್ಲಿ ಯಾವುದು ಹೆಚ್ಚೋ ಅದನ್ನು ಕಟ್ಟಬೇಕು. ವಿನಿಮಯ ಕೊಡುಗೆಯಲ್ಲಿ ಕೊಟ್ಟರೂ ಅದು ಕಾನೂನಿನ ದೃಷ್ಟಿಯಲ್ಲಿ ಸರಬರಾಜೇ.

ಒಂದು ಉದಾಹರಣೆ

ಸರಿಯಾಗಿ ಎರಡು ವರ್ಷಗಳ ಹಿಂದೆ ರೂ. 60,000ಕ್ಕೆ ಲ್ಯಾಪ್‌ಟಾಪ್ ಕೊಂಡು, ರೂ. 10,800 ತೆರಿಗೆ ಜಮೆ ಪಡೆಯಲಾಗಿದೆ ಎಂದು ಇಟ್ಟುಕೊಳ್ಳೋಣ. ಅದೀಗ ತೆರಿಗೆ ಬಿಟ್ಟು ರೂ. 24,000ಕ್ಕೆ ಹೋಗುತ್ತದೆ. ಐದು ವರ್ಷಗಳ ಲೆಕ್ಕದಲ್ಲಿ ಎರಡು ವರ್ಷ ಕಳೆದಿರುವುದರಿಂದ ಉಳಿದ ಜಮೆ ರೂ. 6,480. ಮಾರಾಟ ಬೆಲೆಯ ಮೇಲಿನ ತೆರಿಗೆ ರೂ. 4,320. ಹೆಚ್ಚಿನದನ್ನು ಕಟ್ಟಬೇಕಾದುದರಿಂದ, ಕೊಳ್ಳುವವರಿಂದ ಬಾರದ ರೂ. 2,160 ಮಾರುವವರ ಕೈಯಿಂದ ಹೋಗುತ್ತದೆ. ಹೊಸ ಯಂತ್ರದ ಬೆಲೆ ತೆರಿಗೆ ಬಿಟ್ಟು ರೂ. 75,000 ಎಂದಾದರೆ ನಿವ್ವಳ ವೆಚ್ಚ ರೂ. 53,160.

ಈ ವೆಚ್ಚವನ್ನು ಮೂರು ವರ್ಷಗಳಿಗೆ, ವರ್ಷಕ್ಕೆ 300 ಕೆಲಸದ ದಿನಗಳಂತೆ ಹಂಚಿದರೆ ದಿನಕ್ಕೆ ಸುಮಾರು ರೂ. 59 ಬೀಳುತ್ತದೆ. ತಿಂಗಳಿಗೆ ರೂ. 20,000 ವೇತನದ, 26 ದಿನ, ದಿನಕ್ಕೆ 8 ಗಂಟೆ ದುಡಿಯುವ ಲೆಕ್ಕಪತ್ರ ಸಹಾಯಕರ ಒಂದು ಗಂಟೆಯ ಬೆಲೆ ಸುಮಾರು ರೂ. 96. ಅಂದರೆ ಹೊಸ ಯಂತ್ರವು ಅವರಿಗೆ ದಿನವೂ 37 ನಿಮಿಷಗಳನ್ನು ಉಳಿಸಿದರೆ ಮಾತ್ರ ಖರ್ಚು ಸರಿದೂಗುತ್ತದೆ. ಬಿಲ್ ಬರೆಯುವ, ದಾಸ್ತಾನು ನಮೂದಿಸುವ ಕೆಲಸದಲ್ಲಿ ಅಷ್ಟು ಉಳಿತಾಯ ಕಷ್ಟಸಾಧ್ಯ. ಆದರೆ ರೂ. 60,000 ವೇತನದ ವಿನ್ಯಾಸಕಾರರು ಅಚ್ಚುಗಳ ಮೂರು ಆಯಾಮದ ನಕ್ಷೆ ಬರೆಯುತ್ತಿದ್ದರೆ 12 ನಿಮಿಷಗಳ ಉಳಿತಾಯವೇ ಸಾಕು. ಒಂದೇ ಯಂತ್ರ ಒಬ್ಬರ ಮೇಜಿಗೆ ದುಬಾರಿ, ಇನ್ನೊಬ್ಬರ ಮೇಜಿಗೆ ಅಗ್ಗ. ಇಲ್ಲಿನ ಬೆಲೆ, ವೇತನಗಳು ಊಹೆಯವು. ಪ್ರತಿಯೊಬ್ಬರೂ ತಮ್ಮ ಅಂಕಿಗಳನ್ನು ತುಂಬಿ ನೋಡಬೇಕು.

ಲೆಕ್ಕಕ್ಕೆ ಸಿಗದ ಖರ್ಚು

ಯಂತ್ರ ಬದಲಾದಾಗ ಡಿಜಿಟಲ್ ಸಹಿಯ ಟೋಕನ್, ಮುದ್ರಕ, ಬಾರ್‌ಕೋಡ್ ಸಾಧನಗಳ ತಂತ್ರಾಂಶಗಳನ್ನು ಮತ್ತೆ ಅಳವಡಿಸಬೇಕು. ಟ್ಯಾಲಿಯಂಥ ತಂತ್ರಾಂಶದ ಪರವಾನಗಿಯನ್ನು ಹಳೆಯದರಲ್ಲಿ ಹಿಂದಿರುಗಿಸಿ ಹೊಸದರಲ್ಲಿ ಸಕ್ರಿಯಗೊಳಿಸಬೇಕು. ಒಂದೆರಡು ದಿನಗಳ ಕೆಲಸ ಇದಕ್ಕೇ ಹೋಗಬಹುದು. ಹಳೆಯ ಯಂತ್ರದಲ್ಲಿ ಗ್ರಾಹಕರ ಪಟ್ಟಿ, ಬ್ಯಾಂಕ್ ವಿವರ, ದರಪಟ್ಟಿಗಳು ಇರುತ್ತವೆ; ಕಡತಗಳನ್ನು ಅಳಿಸಿದ ಮಾತ್ರಕ್ಕೆ ಅವು ಇಲ್ಲವಾಗುವುದಿಲ್ಲ. ಬಲ್ಲವರಿಂದ ಡಿಸ್ಕನ್ನು ಪೂರ್ಣವಾಗಿ ಶುದ್ಧಗೊಳಿಸಿದ ಮೇಲೆಯೇ ಪರರ ಕೈಗೆ ಕೊಡಬೇಕು.

ಯಾವಾಗ ಬದಲಿಸಬೇಕು?

ಲೆಕ್ಕಾಚಾರಕ್ಕೆ ಎಡೆಯಿಲ್ಲದ ಸಂದರ್ಭವೂ ಒಂದಿದೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ಕೊನೆಗೊಂಡಿತು. ವಿಂಡೋಸ್ 11ಕ್ಕೆ ಟಿ.ಪಿ.ಎಂ. 2.0 ಎಂಬ ಭದ್ರತಾ ವ್ಯವಸ್ಥೆ ಬೇಕು. ಇಂಟೆಲ್ ಪ್ರೊಸೆಸರ್‌ಗಳಲ್ಲಿ ಕೆಲವನ್ನು ಬಿಟ್ಟರೆ 2017ರಲ್ಲಿ ಬಂದ ಎಂಟನೆಯ ಪೀಳಿಗೆ ಅಥವಾ ಅದರ ನಂತರದವುಗಳಿಗೆ ಮಾತ್ರ ಮಾನ್ಯತೆ. ಎರಡು ವರ್ಷದ ಲ್ಯಾಪ್‌ಟಾಪ್‌ಗೆ ಈ ತೊಡಕು ಸಾಮಾನ್ಯವಾಗಿ ಬಾರದು. ಆದರೆ ಅದೇ ಕಚೇರಿಯ ಗೋದಾಮಿನಲ್ಲಿ 2015ರ ಗಣಕಯಂತ್ರವೊಂದು ಬ್ಯಾಂಕ್ ವ್ಯವಹಾರಕ್ಕೆ ಬಳಕೆಯಾಗುತ್ತಿರಬಹುದು. ಅಪಾಯ ಇರುವುದು ಅಲ್ಲಿ.

ಆದುದರಿಂದ ಹೊಸ ಯಂತ್ರವನ್ನು ಕೊಳ್ಳಲೇಬೇಕೆಂದಿದ್ದರೆ ಅದು ವಿನ್ಯಾಸಕಾರರ ಮೇಜಿಗೆ ಹೋಗಲಿ, ಅವರ ಎರಡು ವರ್ಷದ ಯಂತ್ರ ಗೋದಾಮಿಗೆ ಬರಲಿ, ಗೋದಾಮಿನ ಹಳೆಯದು ಅಧಿಕೃತ ಇ-ತ್ಯಾಜ್ಯ ಮರುಬಳಕೆದಾರರಿಗೆ ಸೇರಲಿ. ಆಗ ಮಾರಾಟದ ಮೇಲಿನ ತೆರಿಗೆಯ ಹೊರೆಯೂ ಇಲ್ಲ, ಉತ್ತಮ ಯಂತ್ರವನ್ನು ಅರ್ಧಕ್ಕಿಂತ ಕಡಿಮೆ ಬೆಲೆಗೆ ಕಳೆದುಕೊಂಡಂತೆಯೂ ಆಗದು. ಅಂಥ ಅಗತ್ಯವಿಲ್ಲದ ಕಚೇರಿಗಳಲ್ಲಿ ರ‍್ಯಾಮ್ ಹೆಚ್ಚಿಸಿ, ಬ್ಯಾಟರಿ ಬದಲಿಸಿ, ಇನ್ನೆರಡು ವರ್ಷ ದುಡಿಸಿಕೊಳ್ಳುವುದೇ ಲಾಭ. ಯಾವ ದಾರಿ ಹಿಡಿದರೂ ಮೊದಲು ಒಂದು ವಾರ ಕಾಯುವ ನಿಮಿಷಗಳನ್ನು ಚೀಟಿಯಲ್ಲಿ ಬರೆದಿಟ್ಟು, ಆನಂತರ ಲೆಕ್ಕ ಪರಿಶೋಧಕರೊಡನೆ ಕುಳಿತು ನಿರ್ಧರಿಸುವುದು ಒಳಿತು.