ಕಡತ ಜೋಡಿಸಿದ ಮಾತ್ರಕ್ಕೆ ಎಐ ಓದಿಕೊಂಡಿತು ಎಂದಲ್ಲ

ಸಂಸ್ಥೆಯ ನಿಯಮಾವಳಿ, ಸುತ್ತೋಲೆ, ಒಪ್ಪಂದಗಳನ್ನೆಲ್ಲ ಎಐ ಸಹಾಯಕನಿಗೆ ಜೋಡಿಸಿಬಿಟ್ಟರೆ ಕೇಳಿದ್ದಕ್ಕೆಲ್ಲ ಉತ್ತರ ಸಿಗುತ್ತದೆ ಎಂಬ ಉತ್ಸಾಹ ಈಗ ಸಣ್ಣ ಕಚೇರಿಗಳಿಗೂ ಬಂದಿದೆ. ಉತ್ತರ ಸಿಗುವುದು ನಿಜ. ಆದರೆ ಆ ಉತ್ತರವನ್ನು ನಂಬಿ ಯಾರೋ ರಜೆ ಹಾಕುತ್ತಾರೆ, ಯಾರೋ ದಂಡ ಕಟ್ಟುತ್ತಾರೆ. ಆದ್ದರಿಂದ ಒಳಗೆ ಏನು ನಡೆಯುತ್ತದೆ ಎಂಬುದು ಜೋಡಿಸುವವರಿಗೆ ಸ್ಪಷ್ಟವಾಗಿ ಗೊತ್ತಿರಲೇಬೇಕು.

ತಪ್ಪು ಕಲ್ಪನೆ: ಜೋಡಿಸಿದ ಮೇಲೆ ಎಐ ಎಲ್ಲ ದಾಖಲೆಗಳನ್ನೂ ಓದಿ ಕಲಿತಿರುತ್ತದೆ

ಸತ್ಯ ಬೇರೆ. ಇಂಥ ಜೋಡಣೆಯಲ್ಲಿ ಎಐ ಮಾದರಿ ಮೊದಲು ಹೇಗಿತ್ತೋ ಹಾಗೇ ಉಳಿಯುತ್ತದೆ. ಅಲ್ಲಿ ನಡೆಯುವುದು ಹುಡುಕಾಟ. ದಾಖಲೆ ಹುಡುಕುವ ಉಪಕರಣವು ಕಡತಗಳನ್ನು ತುಣುಕು ತುಣುಕಾಗಿ ಕತ್ತರಿಸಿ, ಪ್ರತಿ ತುಣುಕಿನ ಅರ್ಥವನ್ನು ಸಂಖ್ಯೆಗಳ ಸಾಲಾಗಿ ದಾಖಲಿಸಿಟ್ಟುಕೊಳ್ಳುತ್ತದೆ. ಪ್ರಶ್ನೆ ಬಂದಾಗ ಅದನ್ನೂ ಸಂಖ್ಯೆಗಳ ಸಾಲು ಮಾಡಿ, ಅದಕ್ಕೆ ಹತ್ತಿರವಾದ ಕೆಲವೇ ತುಣುಕುಗಳನ್ನು ಎತ್ತಿ ಎಐ ಮುಂದಿಡುತ್ತದೆ. ಆ ಕ್ಷಣಕ್ಕೆ ಎಐ ಓದುವುದು ಅಷ್ಟನ್ನೇ. ಫೇಸ್‌ಬುಕ್‌ನ ಸಂಶೋಧನಾ ವಿಭಾಗದ ಪ್ಯಾಟ್ರಿಕ್ ಲೂಯಿಸ್ ಮತ್ತು ಸಂಗಡಿಗರು 2020ರಲ್ಲಿ ಬರೆದ ಪ್ರಬಂಧದಿಂದ ಈ ವಿಧಾನಕ್ಕೆ ‘ರ‍್ಯಾಗ್’ ಎಂಬ ಹೆಸರು ನಿಂತಿತು.

ಇದರ ಗುಣ ಕಡಿಮೆಯದಲ್ಲ. ಸಿಬ್ಬಂದಿಯೊಬ್ಬರು ‘ಬಾಣಂತನಕ್ಕೆ ಎಷ್ಟು ದಿನ ರಜೆ ಸಿಗುತ್ತೆ?’ ಎಂದು ಕೇಳಿದರೆ, ಕಡತದಲ್ಲಿ ‘ಹೆರಿಗೆ ಸೌಲಭ್ಯ’ ಎಂದಷ್ಟೇ ಇದ್ದರೂ ಆ ಭಾಗ ಸಿಗುವ ಸಾಧ್ಯತೆ ಚೆನ್ನಾಗಿದೆ. ಆದೇಶ ಸಂಖ್ಯೆ, ದಿನಾಂಕ ಇಂಥವಕ್ಕೆ ಮಾತ್ರ ಪದಕ್ಕೆ ಪದ ಹೊಂದಿಸುವ ಹಳೆಯ ಹುಡುಕಾಟವೇ ಮೇಲು. ಒಳ್ಳೆಯ ಉಪಕರಣಗಳು ಎರಡನ್ನೂ ಬೆರೆಸುತ್ತವೆ. ಆದರೆ ‘ಈ ವರ್ಷ ಒಟ್ಟು ಎಷ್ಟು ಒಪ್ಪಂದಗಳ ಅವಧಿ ಮುಗಿಯುತ್ತದೆ?’ ಎಂದು ಕೇಳಿ ನೋಡಿ. ಇದಕ್ಕೆ ಎಲ್ಲ ಒಪ್ಪಂದಗಳನ್ನೂ ನೋಡಬೇಕು. ನಾಲ್ಕೈದು ತುಣುಕು ನೋಡಿದ ಎಐ ಹೇಳುವ ಲೆಕ್ಕ ಆ ನಾಲ್ಕೈದರದ್ದೇ ಆಗಿರುತ್ತದೆ.

2024ರ ನವೆಂಬರಿನಲ್ಲಿ ಎಐ ಕಂಪನಿ ಆಂಥ್ರೋಪಿಕ್ ಹೊರತಂದ ಎಂಸಿಪಿ ಎಂಬ ಮುಕ್ತ ಮಾನದಂಡದಿಂದ ಈ ಜೋಡಣೆ ಸುಲಭವಾಯಿತು. ಎಐ ಸಹಾಯಕನು ಉಪಕರಣವನ್ನು ಹೇಗೆ ಕೇಳಬೇಕು, ಉಪಕರಣ ಹೇಗೆ ಉತ್ತರಿಸಬೇಕು ಎಂಬುದನ್ನು ಅದು ಗೊತ್ತುಮಾಡುತ್ತದೆ. ಹುಡುಕಾಟವೇ ಕಳಪೆಯಾಗಿದ್ದರೆ ಅದನ್ನು ಸರಿಮಾಡುವ ಶಕ್ತಿ ಎಂಸಿಪಿಗಿಲ್ಲ.

ತಪ್ಪು ಕಲ್ಪನೆ: ಪರದೆಯ ಮೇಲೆ ಕನ್ನಡ ಕಂಡರೆ ಯಂತ್ರಕ್ಕೂ ಅದು ಕನ್ನಡವೇ

ನಮ್ಮಲ್ಲಿ ಜೋಡಣೆ ಎಡವುವ ಜಾಗ ಇದು, ಮತ್ತು ಇದರ ಬಗ್ಗೆ ಮಾತು ತೀರಾ ಕಡಿಮೆ. ಕರ್ನಾಟಕದ ಕಚೇರಿಗಳಲ್ಲಿ ವರ್ಷಗಟ್ಟಲೆ ಕನ್ನಡ ಟೈಪಾದದ್ದು ಯೂನಿಕೋಡ್ ಅಲ್ಲದ ನುಡಿ, ಬರಹ ಫಾಂಟ್‌ಗಳಲ್ಲಿ. ಆ ಕಡತದಲ್ಲಿ ಉಳಿದಿರುವುದು ಇಂಗ್ಲಿಷ್ ಅಕ್ಷರಗಳ ಸಂಕೇತ. ಅವುಗಳ ಮೇಲೆ ಕನ್ನಡದ ಆಕಾರ ತೋರಿಸುವುದು ಫಾಂಟ್. ಅಂಥ ಪಿಡಿಎಫ್‌ನಿಂದ ಒಂದು ಸಾಲು ಕಾಪಿ ಮಾಡಿ ನೋಟ್‌ಪ್ಯಾಡ್‌ಗೆ ಪೇಸ್ಟ್ ಮಾಡಿ. ತಲೆಯ ಮೇಲೆ ಗೀಟು, ಚುಕ್ಕಿ ಹೊತ್ತ ಇಂಗ್ಲಿಷ್ ಅಕ್ಷರಗಳು, ನಡುನಡುವೆ ಪೌಂಡಿನ ಚಿಹ್ನೆ ಬಂದು ಬೀಳುತ್ತವೆ. ಉಪಕರಣ ಓದಿ ಇಟ್ಟುಕೊಂಡಿರುವುದು ಅದನ್ನೇ. ನೀವು ಅಚ್ಚ ಕನ್ನಡದಲ್ಲಿ ಪ್ರಶ್ನೆ ಕೇಳಿದರೆ ಆ ಕಡತ ಎಂದಿಗೂ ಎದ್ದು ಬರುವುದಿಲ್ಲ.

ಸ್ಕ್ಯಾನ್ ಮಾಡಿದ ಹಳೆಯ ಆದೇಶದ್ದು ಇನ್ನೊಂದು ಕಥೆ. ಅದು ಬರೀ ಚಿತ್ರ. ಒಸಿಆರ್ ತಂತ್ರಾಂಶದಿಂದ ಅಕ್ಷರ ಬಿಡಿಸಬೇಕು, ಮತ್ತು ಮಸುಕಾದ ಝೆರಾಕ್ಸ್ ಪ್ರತಿಯಲ್ಲಿ ಒತ್ತಕ್ಷರಗಳು, ಅಂಕಿಗಳು ಸುಲಭವಾಗಿ ತಪ್ಪಿಹೋಗುತ್ತವೆ. ಆದ್ದರಿಂದ ಯಾವ ಎಐ ಕೊಳ್ಳಬೇಕು ಎಂದು ವಾರಗಟ್ಟಲೆ ಚರ್ಚಿಸುವ ಮೊದಲು ಕಡತಗಳನ್ನು ಯೂನಿಕೋಡ್‌ಗೆ ತಿರುಗಿಸುವ ಕೆಲಸಕ್ಕೆ ಜನ ಹಾಕಿ. ನನ್ನ ಮಟ್ಟಿಗೆ ಇಡೀ ಯೋಜನೆಯ ಮುಕ್ಕಾಲು ಪಾಲು ಅದೇ.

ತಪ್ಪು ಕಲ್ಪನೆ: ಮೂಲ ದಾಖಲೆ ಮುಂದಿದ್ದರೆ ಎಐ ತಪ್ಪು ಹೇಳುವುದಿಲ್ಲ

ತಪ್ಪು ಕಡಿಮೆಯಾಗುತ್ತದೆ, ಇಲ್ಲವಾಗುವುದಿಲ್ಲ. ಕಾನೂನು ದಾಖಲೆಗಳಿಗೆ ಜೋಡಿಸಿ ವಕೀಲರಿಗೆ ಮಾರುವ ದುಬಾರಿ ಎಐ ಉಪಕರಣಗಳನ್ನು ಸ್ಟ್ಯಾನ್‌ಫರ್ಡ್ ಸಂಶೋಧಕರು 2024ರಲ್ಲಿ ಪರೀಕ್ಷಿಸಿದಾಗ, ಶೇ 17ರಿಂದ 33ರಷ್ಟು ಪ್ರಶ್ನೆಗಳಿಗೆ ಅವು ಇಲ್ಲದ್ದನ್ನು ಹೇಳಿದ್ದವು.

ರಜೆಯ ಪ್ರಶ್ನೆಯನ್ನೇ ತೆಗೆದುಕೊಳ್ಳಿ. 1961ರ ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ತಿದ್ದುಪಡಿಯಾಗಿ, ಗರಿಷ್ಠ 12 ವಾರ ಇದ್ದ ವೇತನಸಹಿತ ರಜೆ 26 ವಾರಕ್ಕೆ ಏರಿತು. ಈಗಾಗಲೇ ಇಬ್ಬರು ಅಥವಾ ಹೆಚ್ಚು ಮಕ್ಕಳು ಬದುಕಿದ್ದರೆ 12 ವಾರವೇ. ಸಂಸ್ಥೆಯ 2010ರ ಕೈಪಿಡಿ ಫೋಲ್ಡರಿನಲ್ಲೇ ಉಳಿದಿದ್ದರೆ ಹುಡುಕಾಟ ಅದನ್ನೇ ಎತ್ತಿಕೊಡಬಹುದು. ಪ್ರಶ್ನೆಗೆ ಯಾವ ತುಣುಕು ಹತ್ತಿರ ಎಂದು ಅದು ಅಳೆಯುತ್ತದೆ, ಯಾವುದು ಜಾರಿಯಲ್ಲಿದೆ ಎಂದಲ್ಲ. ಹೊಸ ನಿಯಮವೇ ಸಿಕ್ಕರೂ, ‘26 ವಾರ’ ಒಂದು ತುಣುಕಿನಲ್ಲೂ ಇಬ್ಬರು ಮಕ್ಕಳ ಷರತ್ತು ಮುಂದಿನ ತುಣುಕಿನಲ್ಲೂ ಸೇರಿಹೋದರೆ, ಮೂರನೇ ಮಗುವಿನ ನಿರೀಕ್ಷೆಯಲ್ಲಿರುವ ತಾಯಿಗೆ ಎಐ ನಿಸ್ಸಂಕೋಚವಾಗಿ 26 ವಾರ ಎನ್ನುತ್ತದೆ. ಕೆಳಗೆ ದಾಖಲೆಯ ಹೆಸರು, ಪುಟ ಸಂಖ್ಯೆಯೂ ಇರುತ್ತದೆ. ಪುಟ ಸರಿ, ಉತ್ತರ ತಪ್ಪು. ಹಳೆಯ ಕೈಪಿಡಿಗಳನ್ನು ಹುಡುಕಾಟದಿಂದ ತೆಗೆದುಹಾಕಿ, ಷರತ್ತುಗಳು ನಿಯಮದ ಜೊತೆಗೇ ಉಳಿಯುವಂತೆ ಕತ್ತರಿಸುವುದು ಇದಕ್ಕೆ ಮದ್ದು. ಉತ್ತರ ಪಡೆದವರೂ ಆ ಪುಟ ತೆರೆದು ಹಿಂದುಮುಂದಿನ ಸಾಲು ಓದಬೇಕು.

ತಪ್ಪು ಕಲ್ಪನೆ: ಕಡತ ನಮ್ಮ ಕಂಪ್ಯೂಟರಿನಲ್ಲೇ ಇದೆ, ಹೊರಗೆ ಹೋಗುವುದಿಲ್ಲ

ಕಡತ ಇದ್ದಲ್ಲೇ ಇರಬಹುದು. ಎತ್ತಿದ ತುಣುಕು ಮಾತ್ರ ಎಐ ಮಾದರಿ ಎಲ್ಲಿ ನಡೆಯುತ್ತದೋ ಅಲ್ಲಿಗೆ ಹೋಗುತ್ತದೆ. ಅದು ಹೆಚ್ಚಾಗಿ ಬೇರೊಂದು ಕಂಪನಿಯ ಸರ್ವರ್. ಉಪಕರಣಕ್ಕೆ ಇಡೀ ಡ್ರೈವ್ ತೆರೆದಿಟ್ಟರೆ ಸಂಬಳದ ಪಟ್ಟಿಯೂ ಯಾರದೋ ಪ್ರಶ್ನೆಗೆ ಉತ್ತರವಾಗಿ ಬರಬಹುದು. ಹೊರಗಿನವರು ಕಳಿಸಿದ ಕಡತದೊಳಗೆ ಬಿಳಿ ಹಾಳೆಯ ಮೇಲೆ ಬಿಳಿ ಅಕ್ಷರದಲ್ಲಿ ಎಐಗೆಂದೇ ಆಜ್ಞೆ ಬರೆದಿಡುವ ಮೋಸವೂ ಇದೆ. ಎಐ ಅದನ್ನು ನಿಮ್ಮದೇ ಮಾತೆಂದು ಪಾಲಿಸಿಬಿಡುವ ಅಪಾಯ ಇನ್ನೂ ಪೂರ್ತಿ ನೀಗಿಲ್ಲ. ಆದ್ದರಿಂದ ಉಪಕರಣಕ್ಕೆ ಓದುವ ಅನುಮತಿ ಮಾತ್ರ ಕೊಡಿ, ಅದೂ ಬೇಕಾದ ಫೋಲ್ಡರಿಗಷ್ಟೇ. ಅಳಿಸುವ, ಮೇಲ್ ಕಳಿಸುವ ಅಧಿಕಾರವನ್ನು ಇದರ ಜೊತೆ ಸೇರಿಸಬೇಡಿ.